ಅಂಗೈಯ ಲಿಂಗ, ಎರಡು ಪುಟದ ಲೆಕ್ಕ: ನನ್ನ ಅನುಭವ

ಕೊರಳಲ್ಲಿ ಇಷ್ಟಲಿಂಗ ಇದ್ದೂ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ‘ಯಾಕಾಗಿ ಏಳಬೇಕು, ಯಾರಿಗಾಗಿ’ ಎಂಬ ಪ್ರಶ್ನೆ ಎದೆ ಮೇಲೆ ಬಂದು ಕೂರುತ್ತದಲ್ಲ, ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮಗೆ ದೀಕ್ಷೆ ಆಗಿದೆ, ಲಿಂಗ ಇಡುವ ಕರಡಿಗೆ ಇದೆ, ‘ಓಂ ನಮಃ ಶಿವಾಯ’ ಎಂಬ ಷಡಕ್ಷರಿ ಮಂತ್ರ ಬಾಯಿಗೆ ಬರುತ್ತದೆ. ಲಿಂಗಧಾರಿಗೆ ರಕ್ಷೆಯಾದ ಅಷ್ಟಾವರಣ ಎಂದರೇನು, ನಡತೆಯ ಪಂಚಾಚಾರ ಯಾವುವು ಎಂದು ಹೇಳಿಕೊಡಬೇಕಾದ ಅಗತ್ಯವಿಲ್ಲ. ಹಾಗಾಗಿ ಆ ಪಾಠ ಬಿಟ್ಟು ನೇರ ಕೆಲಸಕ್ಕೆ ಬರುತ್ತೇನೆ. ಬೆಳಿಗ್ಗೆ ಇಷ್ಟಲಿಂಗ ಪೂಜೆ, ರಾತ್ರಿ ಲೆಕ್ಕದ ಪುಸ್ತಕ: ಮೂರು ಸಲ ಕೈಕೊಟ್ಟು ನಾಲ್ಕನೇ ಸಲ ನಿಂತ ಕ್ರಮ ಇದು. ನಿಂತು ಸುಮಾರು ಆರು ವರ್ಷವಾಯಿತು. ತಪ್ಪಿದ ದಿನಗಳನ್ನು ವರ್ಷಕ್ಕೆ ಬೆರಳಲ್ಲಿ ಎಣಿಸಬಹುದು. ‘ಇದೆಲ್ಲ ವಯಸ್ಸಾದವರ ಕೆಲಸ, ನಿಂಗ್ಯಾಕೋ ತಮ್ಮಾ’ ಎಂದಿದ್ದ ಹಿರಿಯರೇ ಹೋದ ಶ್ರಾವಣದಲ್ಲಿ ಮೊಮ್ಮಗನನ್ನು ಜೊತೆಗೆ ಕರೆತಂದು ಮಣೆ ಹಾಕಿಸಿಕೊಂಡು ಕೂತರು. ಅದಾದ ಮೇಲೆ ಬರೆದಿಡಬೇಕು ಅನ್ನಿಸಿತು.

ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ. ವ್ಯಕ್ತಿತ್ವ ವಿಕಸನದ ಶಿಬಿರ ಎರಡು, ಹತ್ತು ದಿನದ ಧ್ಯಾನದ ಕೋರ್ಸು ಒಂದು, ಜಾತಕ ತೋರಿಸಿ ಹಾಕಿಸಿಕೊಂಡ ಹರಳಿನ ಉಂಗುರ, ಮೊಬೈಲಿನಲ್ಲಿ ಧ್ಯಾನದ ಆಪ್‌ಗೆ ವರ್ಷದ ಚಂದಾ. ಎಲ್ಲ ಸೇರಿ 40–45 ಸಾವಿರ ಇರಬೇಕು. ಒಂದೊಂದರ ಫಲವೂ ಮೂರು ವಾರಕ್ಕಿಂತ ಹೆಚ್ಚು ಬಾಳಲಿಲ್ಲ. ಈಗಿನ ಕ್ರಮಕ್ಕೆ ಹಿಡಿದದ್ದು ಹಳೆ ಬೆಳ್ಳಿ ಕರಡಿಗೆ ಕರಗಿಸಿ ಹೊಸದು ಮಾಡಿಸಿದ ಮಜೂರಿ ಬಿಟ್ಟರೆ ಮೊದಲ ವರ್ಷ 1,200 ರೂಪಾಯಿ: ಮಣೆ, ಕಂಬಳಿ, ಹಿತ್ತಾಳೆ ಹಣತೆ, ಲಿಂಗ ಸುತ್ತುವ ಲಿಂಗವಸ್ತ್ರಕ್ಕೆ ಖಾದಿ, ಒಂದು ಲೆಡ್ಜರ್ ಪುಸ್ತಕ.

ಸೋಲಿನ ಬೇರು ಪ್ರಶ್ನೆಯಲ್ಲೇ ಇತ್ತು. ‘ನಾನು ಯಾರು’ ಎಂದು ಕೇಳಿಕೊಂಡು ಕಣ್ಣು ಮುಚ್ಚಿದರೆ ಒಳಗೆ ಸಿಗುವುದು ಬರೀ ಮಾತು. ಜಾತಿ ಪ್ರಮಾಣಪತ್ರ, ಆಧಾರ್ ಕಾರ್ಡು, ಪಹಣಿ ಎಲ್ಲವೂ ಆ ಪ್ರಶ್ನೆಗೆ ಒಂದೊಂದು ಉತ್ತರ ಕೊಡುತ್ತವೆ. ಆ ಯಾವ ಉತ್ತರಕ್ಕೂ ಬೆಳಗಿನ ಐದು ಗಂಟೆಗೆ ಹಾಸಿಗೆಯಿಂದ ಎಬ್ಬಿಸುವ ಶಕ್ತಿಯಿಲ್ಲ. ಶರಣರು ಈ ಪ್ರಶ್ನೆಯನ್ನೇ ಬೇರೆ ಕಡೆಯಿಂದ ಹಿಡಿದರು. ಅವರ ಮಾತು ‘ಸ್ಥಲ’. ನೀನು ಯಾರು ಎನ್ನುವುದಕ್ಕೆ ಮೊದಲು ಎಲ್ಲಿ ನಿಂತಿದ್ದೀಯ ಹೇಳು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂದು ಆರು ಸ್ಥಲ. ಒಂದೊಂದಕ್ಕೆ ಒಂದೊಂದು ಭಕ್ತಿ: ಶ್ರದ್ಧೆ, ನಿಷ್ಠೆ, ಅವಧಾನ, ಅನುಭಾವ, ಆನಂದ, ಸಮರಸ. ನಾವೆಲ್ಲ ಮಾಡುವ ತಪ್ಪು ಎಂದರೆ ಶ್ರದ್ಧೆಯೇ ಗಟ್ಟಿಯಾಗದೆ ಅನುಭಾವಕ್ಕೆ ಹಾರುವುದು. ಕಲ್ಯಾಣದ ಅನುಭವ ಮಂಟಪದ ಶೂನ್ಯಪೀಠದಲ್ಲಿ ಕೂತ ಅಲ್ಲಮಪ್ರಭು ನಮ್ಮ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯವನು, ಅಕ್ಕಮಹಾದೇವಿ ಅದೇ ತಾಲ್ಲೂಕಿನ ಉಡುತಡಿಯವಳು ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಹೆಮ್ಮೆಯಲ್ಲೇ ಅವರು ನಿಂತ ಮೆಟ್ಟಿಲಿನಿಂದ ಶುರು ಮಾಡಲು ಹೋಗುತ್ತೇವೆ, ಕಾಲು ಎಟುಕುವುದಿಲ್ಲ. ನಾಲ್ಕನೇ ಪ್ರಯತ್ನದಲ್ಲಿ ಭಕ್ತಸ್ಥಲ ಒಂದನ್ನೇ ಹಿಡಿದೆ. ದಿನಾ ಮಾಡುವುದು, ಅದೇ ಹೊತ್ತಿಗೆ ಮಾಡುವುದು, ಫಲ ಕೇಳದೆ ಮಾಡುವುದು. ಎರಡು ವರ್ಷ ಅದಕ್ಕಿಂತ ಮೇಲೆ ಕಣ್ಣೆತ್ತಲಿಲ್ಲ.

ಮೊದಲ ಮೂರು ಸಲ ಕೆಟ್ಟದ್ದು ಎಲ್ಲಿ ಎಂದು ಹೇಳಿಬಿಡುತ್ತೇನೆ, ನಿಮ್ಮದೂ ಅಲ್ಲೇ ಕೆಟ್ಟಿರಬಹುದು. ಮೊದಲನೇ ಸಲ ಹೊತ್ತು ತಪ್ಪಾಗಿತ್ತು. ತೋಟಕ್ಕೊಂದು ಸುತ್ತು ಹೋಗಿಬಂದು ಒಂಬತ್ತು ಗಂಟೆಗೆ ಪೂಜೆ ಎಂದು ಇಟ್ಟುಕೊಂಡಿದ್ದೆ. ಅಡಿಕೆಯ ಕೊನೆ (ಗೊನೆ) ಕೊಯ್ಲು ಶುರುವಾದ ಮೇಲೆ ಮರ ಹತ್ತಿ ಕೊಯ್ಯುವ ಕೊನೆಗಾರ ಬರುವ ಹೊತ್ತು, ಸುಲಿಯುವವರು ಬರುವ ಹೊತ್ತು, ಅಡಿಕೆ ಬೇಯಿಸುವ ಹಂಡೆಗೆ ಬೆಂಕಿ ಹಾಕುವ ಹೊತ್ತು ಎಲ್ಲ ಅದೇ. ಅಕ್ಟೋಬರ್‌ನಲ್ಲಿ ನಿಂತದ್ದು ಶಿವರಾತ್ರಿಗೇ ಮತ್ತೆ ನೆನಪಾದದ್ದು. ಎರಡನೇ ಸಲ ಅಳತೆ ತಪ್ಪಿತು. ಮೊದಲ ದಿನದಿಂದಲೇ 45 ನಿಮಿಷ ಕೂತೆ. ಹತ್ತು ದಿನ ಚೆನ್ನಾಗಿತ್ತು, ಇಪ್ಪತ್ತನೇ ದಿನಕ್ಕೆ ಮಣೆ ಕಂಡರೆ ಬೇಸರ. ಮೂರನೇ ಸಲ ಕಿವಿ ಕೆಡಿಸಿತು. ಪೂಜೆಗೆ ಕೂತಾಗ ಮೊಬೈಲಿನಲ್ಲಿ ಪ್ರವಚನ ಹಾಕಿಕೊಳ್ಳುತ್ತಿದ್ದೆ. ಮಾತು ತುಂಬಾ ಚೆನ್ನಾಗಿರುತ್ತಿತ್ತು, ಲಿಂಗ ಅಂಗೈಯಲ್ಲಿ ಇದೆ ಎನ್ನುವುದೇ ಮರೆತುಹೋಗುತ್ತಿತ್ತು.

ಈಗಿನ ಕ್ರಮ. ಬೇಸಿಗೆಯಲ್ಲಿ 5.10, ಮಳೆಗಾಲದಲ್ಲಿ 5.40, ಸ್ನಾನ ಮುಗಿಸಿದ ಕೂಡಲೇ. ಮೊದಲ ಮೂರು ತಿಂಗಳು ಲೆಕ್ಕ ಹಾಕಿ 11 ನಿಮಿಷ ಮಾತ್ರ. ಇನ್ನೂ ಕೂರಬೇಕು ಎನಿಸಿದರೂ ಎದ್ದುಬಿಡುತ್ತಿದ್ದೆ. ಹಸಿವು ಉಳಿಸಿಕೊಂಡು ಎದ್ದರೆ ನಾಳೆ ತಾನಾಗಿಯೇ ಕೂರುವ ಮನಸ್ಸಾಗುತ್ತದೆ. ಆಮೇಲೆ ತಿಂಗಳಿಗೆ ಎರಡೆರಡು ನಿಮಿಷ ಏರಿಸಿದೆ. ಈಗ 25 ನಿಮಿಷದಲ್ಲಿ ನಿಲ್ಲಿಸಿದ್ದೇನೆ.

ಕೂರುವುದು ಹಲಸಿನ ಮಣೆ ಮೇಲೆ, ಅದರ ಮೇಲೆ ಕಂಬಳಿ ನಾಲ್ಕು ಮಡಿಕೆ. ಬರೀ ರೆಡ್ ಆಕ್ಸೈಡ್ ನೆಲದಲ್ಲಿ ಕೂತರೆ ಆಷಾಢದಲ್ಲಿ ಸೊಂಟ ಹಿಡಿಯುತ್ತದೆ. ಮುಖ ಪೂರ್ವಕ್ಕೋ ಉತ್ತರಕ್ಕೋ. ವಿಭೂತಿ, ರುದ್ರಾಕ್ಷಿ ಆದಮೇಲೆ ಕರಡಿಗೆ ಬಿಚ್ಚಿ ವಸ್ತ್ರ ತೆಗೆದು ಲಿಂಗವನ್ನು ಎಡ ಅಂಗೈಗೆ ತರುವುದು. ನೀರು ಒಂದೆರಡು ಹನಿ, ವಿಭೂತಿ ಚಿಟಿಕೆ, ಒಂದು ಪತ್ರೆ. ಬಿಲ್ವ ಸಿಗದ ದಿನ ತುಂಬೆ ಹೂವಾದರೂ ಆಯಿತು, ಅದೂ ಇಲ್ಲದಿದ್ದರೆ ನೀರೇ ಸಾಕು. ಪತ್ರೆ ಇಲ್ಲ ಎಂದು ಪೂಜೆ ಮುಂದೂಡುವವರು ಪತ್ರೆಯ ಭಕ್ತರಾಗಿಬಿಡುತ್ತಾರೆ.

ಕೈ ಹಿಡಿಯುವ ರೀತಿಯಲ್ಲಿ ಬಹಳ ಜನ ಸೋಲುತ್ತಾರೆ. ಮೊಣಕೈ ಗಾಳಿಯಲ್ಲಿದ್ದರೆ ಐದನೇ ನಿಮಿಷಕ್ಕೆ ಕೈ ನಡುಗುತ್ತದೆ, ಲಿಂಗದ ಜೊತೆ ಮನಸ್ಸೂ ಅಲುಗುತ್ತದೆ. ತೊಡೆಯ ಮೇಲೆ ಒಂದು ಟವೆಲನ್ನು ಗಟ್ಟಿಯಾಗಿ ಸುತ್ತಿಟ್ಟು ಅದರ ಮೇಲೆ ಎಡ ಮೊಣಕೈ ಊರಬೇಕು. ಬಲ ಅಂಗೈ ಎಡಗೈಯ ಕೆಳಗೆ ಆಸರೆ. ಕಣ್ಣಿಗೂ ಲಿಂಗಕ್ಕೂ ನಡುವೆ ಒಂದು ಗೇಣು, ಮೇಲೆ ನಾಲ್ಕು ಬೆರಳು. ಅದಕ್ಕಿಂತ ಹತ್ತಿರ ತಂದರೆ ಕಣ್ಣು ಮಾಲುತ್ತದೆ. ಚಾಳೀಸು ಬಂದವರು ಕನ್ನಡಕ ಹಾಕಿಕೊಂಡೇ ಕೂರಿ, ಮಬ್ಬು ಲಿಂಗ ನೋಡುತ್ತ ಕೂತರೆ ನಿದ್ದೆಯೇ ಬರುವುದು. ಕಣ್ಣಿನ ಒತ್ತಡದ ತೊಂದರೆ ಇರುವವರು, ಆಪರೇಷನ್ ಆದವರು ಡಾಕ್ಟರನ್ನು ಕೇಳದೆ ನೋಟ ನಿಲ್ಲಿಸುವುದಕ್ಕೆ ಹೋಗಬೇಡಿ.

ದೀಪ ಎದುರಿಗಿರಬಾರದು. ಎಡ ಹೆಗಲಿನ ಹಿಂದೆ ಒಂದು ಮೊಳ ದೂರದಲ್ಲಿ, ಕಿವಿಯ ಎತ್ತರಕ್ಕೆ ಇಟ್ಟರೆ ಲಿಂಗದ ಕಪ್ಪು ಕವಚದ ನೆತ್ತಿಯಲ್ಲಿ ಸಾಸಿವೆ ಕಾಳಿನಷ್ಟು ಬೆಳಕು ಕೂರುತ್ತದೆ. ಉಸಿರು ಏರುಪೇರಾದರೆ ಆ ಕಾಳು ಅಲುಗುತ್ತದೆ, ಉಸಿರು ತಿಳಿಯಾದರೆ ಅಲ್ಲೇ ನಿಲ್ಲುತ್ತದೆ. ಬೇರೆ ಯಾವ ಗುರುತೂ ಬೇಡ, ಅದೊಂದೇ ಹೇಳುತ್ತದೆ ನೀವು ಕೂತಿದ್ದೀರೋ ಇಲ್ಲವೋ ಎಂದು. ಎಲ್‌ಇಡಿ ಟ್ಯೂಬ್ ಹಾಕಿದರೆ ಕಾಳಿನ ಬದಲು ಉದ್ದ ಗೀರು ಬೀಳುತ್ತದೆ, ನೋಟ ಅದರ ಮೇಲೆ ಜಾರಾಡುತ್ತದೆ, ಆರಿಸಿಬಿಡಿ. ಎಣ್ಣೆಯ ವಿಷಯಕ್ಕೂ ಒಂದು ವರ್ಷ ಹೋಯಿತು. ತೆಂಗಿನೆಣ್ಣೆ ಡಿಸೆಂಬರ್ ಬೆಳಿಗ್ಗೆ ಹಣತೆಯಲ್ಲೇ ಹೆಪ್ಪುಗಟ್ಟಿರುತ್ತದೆ, ತುಪ್ಪವೂ ಹಾಗೇ. ಹರಳೆಣ್ಣೆ ಹೆಪ್ಪುಗಟ್ಟುವುದಿಲ್ಲ, ನಿಧಾನ ಉರಿಯುತ್ತದೆ, ಕುಡಿ ಅಲ್ಲಾಡುವುದೂ ಕಮ್ಮಿ. ಬತ್ತಿ ದಪ್ಪವಾಗಿದ್ದರೆ ಮಾತ್ರ ಹೊಗೆ.

ರೆಪ್ಪೆ ಬಡಿಯಲಿ, ತಡೆಯಬೇಡಿ. ಕಣ್ಣಲ್ಲಿ ನೀರು ಬಂದ ಕೂಡಲೇ ಮುಚ್ಚಿ. ಮುಚ್ಚಿದ ಕಣ್ಣೊಳಗೆ ಆ ಬೆಳಕಿನ ಕಾಳು ಸ್ವಲ್ಪ ಹೊತ್ತು ಉಳಿದಿರುತ್ತದೆ. ಮೊದಲ ಸಲ ಕಂಡಾಗ ಏನೋ ದೊಡ್ಡದು ಆಯಿತು ಎಂದುಕೊಳ್ಳುವವರೇ ಹೆಚ್ಚು. ಅದು ಕಣ್ಣಿನ ಗುಣ ಅಷ್ಟೇ, ಬಲ್ಬ್ ನೋಡಿ ಕಣ್ಣು ಮುಚ್ಚಿದರೂ ಬರುತ್ತದೆ. ಆದರೆ ಅದು ಆರುವವರೆಗೆ ಮನಸ್ಸು ಅದರ ಹಿಂದೆಯೇ ಇರುತ್ತದಲ್ಲ, ಆ ಹೊತ್ತನ್ನು ಜಪಕ್ಕೆ ಬಳಸಿಕೊಳ್ಳಬೇಕು. 108 ಷಡಕ್ಷರಿಗೆ ಏಳು ನಿಮಿಷ ಹಿಡಿಯುತ್ತದೆ. ಮಂತ್ರವನ್ನು ಉಸಿರಿನ ಯಾವ ತುದಿಗೆ ಸೇರಿಸಬೇಕು ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನಗೆ ಗುರುಮುಖದಿಂದ ಬಂದದ್ದು, ನಿಮಗೂ ನಿಮ್ಮ ಗುರುಗಳ ಬಾಯಿಂದಲೇ ಬರಲಿ.

ಇನ್ನು ಮಲೆನಾಡಿನ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೂಜೆ ಬಿಟ್ಟವರಲ್ಲಿ ಅರ್ಧ ಜನ ಬಿಟ್ಟದ್ದು ಭಕ್ತಿ ಕಮ್ಮಿಯಾಗಿ ಅಲ್ಲ, ಬಟ್ಟೆ ಒಣಗದೆ. ಲಿಂಗವಸ್ತ್ರ ಮೂರು ಇರಲಿ: ಒಂದು ಬಳಕೆಗೆ, ಒಂದು ಒಗೆದದ್ದು, ಒಂದು ಬಚ್ಚಲೊಲೆಯ ಮೇಲೆ ಒಣಗುತ್ತಿರುವುದು. ಕರಡಿಗೆಯನ್ನು ಕೊರಳಿಗೆ ಕಟ್ಟುವ ಹತ್ತಿಯ ಶಿವದಾರ ಬೆವರು, ತೇವ ಎರಡೂ ಕುಡಿದು ಬೂಷ್ಟು ಹಿಡಿಯುತ್ತದೆ, ಕುತ್ತಿಗೆಯಲ್ಲಿ ತುರಿಕೆ ಏಳುತ್ತದೆ. ಮಳೆಗಾಲಕ್ಕೆ ರೇಷ್ಮೆ ದಾರಕ್ಕೆ ಬದಲಿಸಿ. ಕರಡಿಗೆ ಕಪ್ಪಾದರೆ ಅಂಟುವಾಳದ ನೀರಲ್ಲಿ ನೆನೆಸಿ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಕಪ್ಪು ಕವಚದ ಬಗ್ಗೆ ಎಚ್ಚರ: ಕಲ್ಲಿನ ಲಿಂಗದ ಮೇಲೆ ಗೇರೆಣ್ಣೆ, ಬೂದಿ ಮುಂತಾದವು ಸೇರಿಸಿ ಮಾಡುವ ಈ ಕಂತಿಗೆ ಬಿಸಿನೀರು ಆಗದು, ತುಪ್ಪ ದಿನಾ ಸವರಿದರೆ ಮೆತ್ತಗಾಗುತ್ತದೆ, ಹಾಲು ಹಾಕಿ ಸರಿಯಾಗಿ ತೊಳೆಯದಿದ್ದರೆ ಅಂಟಂಟಾಗಿ ವಾಸನೆ ಹಿಡಿಯುತ್ತದೆ. ಗಂಧ ತೇಯ್ದದ್ದರಲ್ಲಿ ಕಲ್ಲಿನ ಹರಳಿದ್ದರೆ ಗೀರು ಬೀಳುತ್ತದೆ. ಸಣ್ಣ ಬಿರುಕು ಕಂಡರೂ ಗುರುಗಳ ಹತ್ತಿರ ಒಯ್ಯಿರಿ, ಮನೆಯಲ್ಲಿ ಅಂಟು ಹಾಕಬೇಡಿ.

ಊರಿಗೆ ಹೋದಾಗ ಏನು ಮಾಡುವುದು, ಮನೆಯಲ್ಲಿ ಸಾವಾದರೆ, ಬಾಣಂತನ ಇದ್ದರೆ ಎಂದು ಕೇಳುತ್ತಾರೆ. ಲಿಂಗಧಾರಿಗೆ ಪಂಚಸೂತಕ, ಅಂದರೆ ಐದು ಬಗೆಯ ಮೈಲಿಗೆ, ಇಲ್ಲ ಎಂದು ಶರಣರು ಹೇಳಿ ಎಂಟುನೂರು ವರ್ಷ ದಾಟಿತು. ಹೆಂಗಸರಿಗೆ ತಿಂಗಳ ದಿನಗಳೂ ಅಡ್ಡಿಯಲ್ಲ. ಗುಡಿಗೆ ಹೋಗಬೇಕಾಗಿಲ್ಲ, ಗುಡಿಯೇ ಎದೆ ಮೇಲಿದೆ. ಹಾಗಾಗಿ ಈ ದಾರಿಯಲ್ಲಿ ತಪ್ಪಿಸಿಕೊಳ್ಳಲು ನೆಪ ಸಿಗುವುದಿಲ್ಲ, ಅದೇ ಇದರ ಬಲ. ಶಿವಮೊಗ್ಗದಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗಿ ಇಳಿದ ಬೆಳಿಗ್ಗೆ ಲಾಡ್ಜಿನ ಮಂಚದ ಮೇಲೆ ಕೂತು ಮಾಡಿದ ಪೂಜೆಗೂ ಲೆಕ್ಕದ ಪುಸ್ತಕದಲ್ಲಿ ಅದೇ ಗುರುತು ಹಾಕುತ್ತೇನೆ.

ಸ್ವಲ್ಪ ದಾರಿ ಬಿಟ್ಟು ವಿಭೂತಿಯ ಕಥೆ ಹೇಳಬೇಕು. ಅಂಗಡಿಯ ವಿಭೂತಿ ಗಟ್ಟಿ ಹಾಲಿನಷ್ಟು ಬೆಳ್ಳಗಿರುತ್ತದೆ, ಹಣೆಗೆ ಹಚ್ಚಿದರೆ ಒಣಗಿ ಬಿರಿಯುತ್ತದೆ. ಸಗಣಿಯ ಬೂದಿ ಅಷ್ಟು ಬೆಳ್ಳಗೆ ಬರುವುದು ಅಪರೂಪ. ನಿಂಬೆರಸ ಹಾಕಿ ನೊರೆ ಬಂದರೆ ಸೀಮೆಸುಣ್ಣ ಎಂದು ಪರೀಕ್ಷೆ ಹೇಳುವವರಿದ್ದಾರೆ, ಅದನ್ನು ನಂಬಿ ಒಳ್ಳೆಯ ವಿಭೂತಿಯನ್ನೇ ಎಸೆದಿದ್ದೇನೆ. ಅಸಲಿ ಬೂದಿಯಲ್ಲೂ ಒಂದಿಷ್ಟು ನೊರೆ ಬರುತ್ತದೆ. ಕೊನೆಗೆ ಮನೆಯಲ್ಲೇ ಮಾಡುವುದು ಎಂದಾಯಿತು.

ಮೊದಲ ಗುಂಡಿ ಪೂರ್ತಿ ಹಾಳು. ನಮ್ಮ ಕಡೆ ಕೊಟ್ಟಿಗೆಗೆ ಸೊಪ್ಪು ಹಾಸುತ್ತೇವಲ್ಲ, ಆ ಸಗಣಿಯಲ್ಲಿ ಸೊಪ್ಪು, ಕಡ್ಡಿ, ಮಣ್ಣು ಎಲ್ಲ ಸೇರಿರುತ್ತದೆ. ಬೂದಿ ಉಜ್ಜಿದರೆ ಹಣೆ ಕೆರೆದ ಹಾಗೆ. ಈಗ ಮಲೆನಾಡು ಗಿಡ್ಡದ ದನ ಬಯಲಲ್ಲಿ ಹುಲ್ಲು ಮೇಯ್ದು ಬರುವ ಜನವರಿ–ಮಾರ್ಚ್‌ನಲ್ಲಿ, ಬೆಳಿಗ್ಗೆ ಬಿದ್ದ ಕೂಡಲೇ ಮೇಲಿನಿಂದ ಎತ್ತಿದ ಸಗಣಿ ಮಾತ್ರ. ಎರಡು ಬೆರಳು ದಪ್ಪದ ಬಿಲ್ಲೆ ತಟ್ಟಿ ಐದಾರು ದಿನ ಬಿಸಿಲು. ಗಿಡ್ಡ ಹಾಕುವುದೇ ಕಮ್ಮಿ, ಮೂರು ದನದಿಂದ 12 ಕೆಜಿ ಒಣ ಬಿಲ್ಲೆ ಕೂಡುವುದಕ್ಕೆ ಒಂದು ವಾರದ ಮೇಲಾಗುತ್ತದೆ.

ಮೊಣಕಾಲುದ್ದ ಗುಂಡಿ, ಕೆಳಗೆ ಒಂದು ಗೇಣು ಭತ್ತದ ಹೊಟ್ಟು, ಮೇಲೆ ಬಿಲ್ಲೆಗಳನ್ನು ಗಾಳಿ ಆಡುವಂತೆ ಒರಗಿಸಿ ಜೋಡಿಸುವುದು, ಮತ್ತೆ ಹೊಟ್ಟು ಮುಚ್ಚುವುದು. ನಡುವೆ ಕರ್ಪೂರ ಹಚ್ಚಿ ಬಿಟ್ಟರೆ ಮೂರು ದಿನ ಒಳಗೊಳಗೇ ಬೇಯುತ್ತದೆ. ಎರಡನೇ ದಿನ ಕೆದಕಿ ನೋಡುವ ಆಸೆ ಎಲ್ಲರಿಗೂ ಬರುತ್ತದೆ, ಕೆದಕಬೇಡಿ. ಕೆದಕಿದ ಕಡೆ ಜ್ವಾಲೆ ಎದ್ದು ಮೇಲಿನದು ಉರಿದುಹೋಗುತ್ತದೆ, ಅಡಿಯದು ಕರಿಯಾಗಿಯೇ ಉಳಿಯುತ್ತದೆ. ಬಿಲ್ಲೆ ಹಸಿ ಇದ್ದರೂ ಕರಿ. ಆರಿದ ಮೇಲೆ ಬೂದಿಯನ್ನು ಮಲ್ ಬಟ್ಟೆಯಲ್ಲಿ ಸೋಸಿ, ಕೊಡಪಾನ ನೀರಿಗೆ ಹಾಕಿ ಚೆನ್ನಾಗಿ ಕಲಕಿ, ಹತ್ತು ಎಣಿಸುವಷ್ಟು ಹೊತ್ತು ಬಿಟ್ಟು ಮೇಲಿನ ಹಾಲಿನಂಥ ನೀರನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಬೇಕು. ಮರಳು ಮೊದಲನೇ ಪಾತ್ರೆಯಲ್ಲೇ ಕೂರುತ್ತದೆ. ಬಗ್ಗಿಸಿದ್ದು ರಾತ್ರಿಯಿಡೀ ತಂಗಿ ಬೂದಿ ಕೆಳಗಿಳಿದ ಮೇಲೆ ಮೇಲೆ ನಿಂತ ಹಳದಿ ನೀರನ್ನು ಚೆಲ್ಲಬೇಕು. ಆ ನೀರಲ್ಲಿ ಬೂದಿಯ ಕ್ಷಾರ ಇರುತ್ತದೆ, ಹಣೆ ಉರಿಯುವುದು ಅದರಿಂದಲೇ. ಮೂರು ಸಲವಾದರೂ ನೀರು ಬದಲಿಸಿ, ನಾನು ನಾಲ್ಕು ಸಲ ಮಾಡುತ್ತೇನೆ. ಎಲ್ಲ ಮುಗಿಸಿ ಕೈಗೆ ಬರುವುದು ಒಂದು ಕೆಜಿಗೆ ಸ್ವಲ್ಪ ಮೇಲೆ. ಉಂಡೆ ಬಿರಿಯದ ಹಾಗೆ ಕಟ್ಟಲು ಒಂದು ಸೊಪ್ಪಿನ ಲೋಳೆ ಹಾಕುತ್ತೇನೆ, ಅದರ ಹೆಸರು ನನ್ನಲ್ಲೇ ಇರಲಿ. ಬಣ್ಣ ತುಸು ಬೂದು, ಹಣೆಯಲ್ಲಿ ರೇಷ್ಮೆ ಸವರಿದ ಹಾಗೆ. ಈ ಬಣ್ಣಕ್ಕೆ ಮೂಗು ಮುರಿದವರು ಈಗ ಹಬ್ಬಕ್ಕೆ ಮೊದಲೇ ಹೇಳಿಟ್ಟಿರುತ್ತಾರೆ.

ಇಷ್ಟೆಲ್ಲ ಮಾಡಿದರೂ, ಇದೇ ಪೂಜೆಯನ್ನು ದಿನಾ ಮಾಡುತ್ತ ಬದುಕಿನ ಉದ್ದೇಶ ಸಿಗದೆ ಹಾಗೇ ಇರುವವರನ್ನು ನೋಡಿದ್ದೇನೆ. ಪೂಜೆ ನಿಲ್ಲಲು ಕಲಿಸುತ್ತದೆ, ಯಾವ ಕಡೆ ನಡೆಯಬೇಕು ಎನ್ನುವುದು ಕಾಯಕ–ದಾಸೋಹದಲ್ಲೇ ತಿಳಿಯಬೇಕು. ಅದಕ್ಕೇ ಲೆಕ್ಕದ ಪುಸ್ತಕ.

ಶಿವಮೊಗ್ಗದ ಗಾಂಧಿಬಜಾರಿನಲ್ಲಿ 60 ರೂಪಾಯಿಗೆ ಸಿಕ್ಕಿದ 200 ಪುಟದ ಲೆಡ್ಜರ್. ಎಡ ಪುಟ ಕಾಯಕ, ಬಲ ಪುಟ ದಾಸೋಹ. ರಾತ್ರಿ ಊಟಕ್ಕೆ ಮೊದಲು ಮೂರು ಸಾಲು, ಅದಕ್ಕಿಂತ ಹೆಚ್ಚು ಬರೆದರೆ ಅದು ಡೈರಿಯಾಗುತ್ತದೆ. ಎಡಕ್ಕೆ: ಇವತ್ತು ಕೈ ಏನು ಮಾಡಿತು, ಎಲ್ಲಿ ಒಪ್ಪ ತಪ್ಪಿತು. ಬಲಕ್ಕೆ: ನನ್ನ ಮನೆಯ ಗೋಡೆ ದಾಟಿ ಏನು ಹೋಯಿತು, ಯಾರಿಗೆ. ಹಣವೇ ಆಗಬೇಕೆಂದಿಲ್ಲ. ‘ಎದುರುಮನೆ ಅಜ್ಜಿಗೆ ಮಾತ್ರೆ ತಂದದ್ದು’ ಕೂಡ ಒಂದು ಸಾಲು. ಭಾವನೆ ಬರೆಯಬಾರದು. ‘ಬೇಸರವಾಗಿತ್ತು’ ಎಂದು ಬರೆದ ಪುಟಗಳನ್ನು ಆಮೇಲೆ ಓದಿದರೆ ಬೇಸರವೇ ಸಿಗುತ್ತದೆ.

ಹುಚ್ಚು ಎಂದರು ಮನೆಯಲ್ಲಿ. ಭಕ್ತಿಗೂ ಲೆಕ್ಕವೇ ಎಂದರು. ನಾನು ಶಿವಪ್ಪನಾಯಕನನ್ನು ತೋರಿಸಿದೆ. ಶಿವಮೊಗ್ಗದಲ್ಲಿ ಹುಟ್ಟಿದವರೆಲ್ಲ ‘ಶಿಸ್ತಿನ ಶಿವಪ್ಪನಾಯಕ’ ಎಂಬ ಮಾತು ಕೇಳಿರುತ್ತಾರೆ. 1645ರಿಂದ 1660ರವರೆಗೆ ಕೆಳದಿ ಸಂಸ್ಥಾನ ಆಳಿದ ಈ ಲಿಂಗಧಾರಿ ದೊರೆ ಕಂದಾಯದ ಶಿಸ್ತು, ಅಂದರೆ ದರ, ನಿಗದಿ ಮಾಡುವ ಮೊದಲು ಊರೂರಲ್ಲಿ ಒಂದೊಂದು ಬಗೆಯ ಒಂದೊಂದು ಗದ್ದೆಯನ್ನು 12 ವರ್ಷ ತಾನೇ ಸಾಗುವಳಿ ಮಾಡಿಸಿದ. ಬಿತ್ತಿದ ಬೀಜ, ತಗುಲಿದ ಖರ್ಚು, ಬಂದ ಫಸಲು, ಅದರ ಬೆಲೆ ಎಲ್ಲ ಬರೆಸಿ ಸರಾಸರಿ ತೆಗೆದ ಮೇಲೆಯೇ ತೆರಿಗೆ ಹಾಕಿದ. ಗದ್ದೆಯ ಗುಣ ತಿಳಿಯಲು ದೊರೆಗೇ 12 ವರ್ಷದ ಬರಹ ಬೇಕಾಯಿತು. ನನ್ನ ಗುಣ ನನಗೆ ತಿಳಿಯಲು ಒಂದು ರಾತ್ರಿಯ ಧ್ಯಾನ ಸಾಕಾಗುತ್ತದೆಯೇ?

ಅಮಾವಾಸ್ಯೆಯ ಮರುದಿನ ಇಡೀ ತಿಂಗಳದ್ದು ಓದುವುದು. ಓದುವಾಗ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ, ಅದನ್ನು ಎದುರು ಕೂತವರಿಗೆ ಮಾತ್ರ ಹೇಳುತ್ತೇನೆ. ಹದಿನಾಲ್ಕನೇ ತಿಂಗಳಿಗೆ ಬಲ ಪುಟದಲ್ಲಿ ಒಂದು ಸಂಗತಿ ಕಣ್ಣಿಗೆ ಹೊಡೆಯಿತು. ಶಾಲೆಗೆ ಕೊಟ್ಟದ್ದು, ಗುಡಿಗೆ ಕೊಟ್ಟದ್ದು ಕೇಳಿದಾಗ ಕೊಟ್ಟದ್ದು. ಕೇಳದೆ ಹೋದದ್ದು ಊಟ ಒಂದೇ. ಆಸ್ಪತ್ರೆಯಲ್ಲಿ ಇದ್ದವರಿಗೆ ಬುತ್ತಿ, ಸುಲಿಯಲು ಬಂದವರ ಮಕ್ಕಳಿಗೆ ತಿಂಡಿ, ಮಳೆಗೆ ಸಿಕ್ಕಿಹಾಕಿಕೊಂಡ ಡ್ರೈವರ್‌ಗೆ ಅನ್ನ ಸಾರು. ತಿಂಗಳಿಗೆ ಒಂಬತ್ತು ಹತ್ತು ಸಲ ಅದೇ. ಹುಡುಕುತ್ತ ಹೋದಾಗ ಸಿಗದ ಉದ್ದೇಶ ನನ್ನದೇ ಕೈಬರಹದಲ್ಲಿ ಕೂತಿತ್ತು. ನಿಮ್ಮ ಪುಟದಲ್ಲಿ ಅನ್ನವೇ ಇರಬೇಕೆಂದಿಲ್ಲ, ಪಾಠ ಇರಬಹುದು, ರೋಗಿಯ ಸೇವೆ ಇರಬಹುದು, ಜಗಳ ಬಿಡಿಸುವುದು ಇರಬಹುದು. ಒಂದು ವರ್ಷಕ್ಕಿಂತ ಮೊದಲು ತೀರ್ಮಾನ ಮಾಡಬೇಡಿ. ನಾಲ್ಕನೇ ತಿಂಗಳಿಗೆ ಮಾಡಿಕೊಂಡ ನನ್ನ ತೀರ್ಮಾನ, ಮಕ್ಕಳಿಗೆ ವಚನ ಕಲಿಸುವುದು ಎಂದು, ಆರು ವಾರದಲ್ಲಿ ಬಿದ್ದುಹೋಯಿತು.

ತಿಂಗಳಿಗೊಮ್ಮೆ 60 ಜನಕ್ಕೆ ಅನ್ನದಾಸೋಹ ಎಂದು ಗೊತ್ತುಮಾಡಿದೆ. ಮೊದಲ ತಿಂಗಳು ತಲೆಗೆ 90 ಗ್ರಾಂ ಅಕ್ಕಿ ಹಾಕಿ ಕೊನೆಯ ಪಂಕ್ತಿಗೆ ಅನ್ನ ಸಾಲದೆ ಹೋಯಿತು. ಕೂತವರ ಎದುರು ಬರಿ ಸೌಟು ಹಿಡಿದು ನಿಂತ ಆ ಗಳಿಗೆ ಮರೆಯುವುದಿಲ್ಲ. ದುಡಿದು ಬಂದವರಿಗೆ 125 ಗ್ರಾಂ ಲೆಕ್ಕ ಹಿಡಿಯಬೇಕು. ಈಗ ಅಕ್ಕಿ ಏಳೂವರೆ ಕೆಜಿ, ತೊಗರಿಬೇಳೆ ಎರಡು ಕೆಜಿ, ತರಕಾರಿ ಆರು ಕೆಜಿ, ತೆಂಗಿನಕಾಯಿ ಆರು, ಮಜ್ಜಿಗೆಗೆ ಮೊಸರು ನಾಲ್ಕು ಲೀಟರ್. ಸಿಹಿ ಶ್ರಾವಣ ಸೋಮವಾರ ಮಾತ್ರ. ಖರ್ಚು 1,800ರ ಆಸುಪಾಸು, ತಲೆಗೆ 30 ರೂಪಾಯಿ.

ದುಡ್ಡು ಹೊಂದಿಸುವುದರಲ್ಲೂ ಒಂದು ಸಲ ಕೆಟ್ಟೆ. ‘ಲಾಭದಲ್ಲಿ ಹತ್ತನೇ ಒಂದು’ ಎಂದು ಸಂಕಲ್ಪ ಮಾಡಿದ್ದೆ. ಅಡಿಕೆ ಬೆಳೆಗಾರರಿಗೆ ಗೊತ್ತಿದೆ, ಲಾಭ ಎಷ್ಟು ಎಂದು ಲೆಕ್ಕ ಹಾಕುವ ದಿನ ಬರುವುದೇ ಇಲ್ಲ, ಮುಂದಿನ ವರ್ಷದ ಗೊಬ್ಬರ ಬಂದು ನಿಂತಿರುತ್ತದೆ. ವರ್ಷ ಪೂರ್ತಿ ಒಂದು ರೂಪಾಯಿ ಎತ್ತಿಡಲಿಲ್ಲ. ಈಗ ಲಾಭದ ಮಾತೇ ಇಲ್ಲ, ಮಂಡಿಯಲ್ಲಿ ಕ್ವಿಂಟಲ್ ತೂಗಿದ ದಿನವೇ ಕ್ವಿಂಟಲ್‌ಗೆ 1,000 ಬೇರೆ ಖಾತೆಗೆ. ವರ್ಷಕ್ಕೆ 18–20 ಕ್ವಿಂಟಲ್ ರಾಶಿ ಅಡಿಕೆ ಆಗುತ್ತದೆ, ದಾಸೋಹಕ್ಕೆ ಬೇಕಾದದ್ದು 21–22 ಸಾವಿರ. ಕಮ್ಮಿ ಬಿದ್ದದ್ದನ್ನು ಕಾಳುಮೆಣಸಿನ ದುಡ್ಡಿನಿಂದ ತುಂಬುತ್ತೇನೆ. ಕೊಳೆರೋಗ ಬಂದು ಅರ್ಧ ಫಸಲು ಉದುರಿದ ವರ್ಷ 60ನ್ನು 40 ಮಾಡಿದೆ, ನಿಲ್ಲಿಸಲಿಲ್ಲ. ದಾಸೋಹಕ್ಕೆ ಸಾಲ ಮಾಡಬಾರದು. ಸಾಲ ಮಾಡಿ ಬಡಿಸಿದ ಅನ್ನದಲ್ಲಿ ಹೆಸರಿನ ಆಸೆ ಬೆರೆತಿರುತ್ತದೆ.

ಎಡ ಪುಟದ್ದು ಇನ್ನೂ ಕಷ್ಟ. ಕೊಳೆರೋಗ ಬಾರದಂತೆ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವವರಿಗೆ ಗೊತ್ತು: ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಅಳತೆ ಸರಿ ಇದ್ದರೂ ಸುಣ್ಣ ಹಳೆಯದಾಗಿದ್ದರೆ ಪಾಕ ಕೆಡುತ್ತದೆ, ಅದಕ್ಕೇ ಕತ್ತಿಯ ಅಲಗು ಅದ್ದಿ ನೋಡುತ್ತೇವೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ಪೂಜೆಗೂ ಹಾಗೆ ಅದ್ದಿ ನೋಡುವ ಅಲಗು ಬೇಕು, ಅದು ಕಾಯಕ. ನನಗಿರುವ ಅಲಗು ಎರಡು. ಒಳ್ಳೆಯ ದರ್ಜೆಯ ಬೆಟ್ಟೆ ಅಡಿಕೆಯ ಚೀಲಕ್ಕೆ ಕೀಳು ದರ್ಜೆಯ ಗೊರಬಲು ಸೇರಿಸುವ ಮನಸ್ಸು ಬಂತೇ, ಆಳುಗಳ ಬಟವಾಡೆ ಅದೇ ಸಂಜೆ ಆಯಿತೇ. ಇವೆರಡರಲ್ಲಿ ಒಂದು ತಪ್ಪಿದ ದಿನ ಬೆಳಗಿನ 25 ನಿಮಿಷದ ಎದುರು ಕೆಂಪು ಗುರುತು ಹಾಕುತ್ತೇನೆ, ಬೆಳಕಿನ ಕಾಳು ಎಷ್ಟೇ ಸ್ಥಿರವಾಗಿ ನಿಂತಿದ್ದರೂ ಸರಿ. ಮೊದಲ ವರ್ಷ ತಿಂಗಳಿಗೆ ಎಂಟು ಹತ್ತು ಕೆಂಪು, ಈಗ ಒಂದೋ ಎರಡೋ. ಮತ್ತೊಂದು ಸಂಗತಿಯೂ ಬೋರ್ಡೋದಂತೆಯೇ. ಮಳೆ ಹಿಡಿಯುವ ಮೊದಲು ಒಂದು ಸಿಂಪಡಣೆ, 40–45 ದಿನಕ್ಕೆ ಇನ್ನೊಂದು, ಅದು ಕಾಯುತ್ತದೆ. ಕೊಳೆ ಕಂಡ ಮೇಲೆ ಹೊಡೆದರೆ ಉದುರಿದ ಕಾಯಿ ಮರಕ್ಕೆ ವಾಪಸ್ ಹೋಗುವುದಿಲ್ಲ. ಕಷ್ಟ ಬಂದ ದಿನ ಮಾತ್ರ ಕರಡಿಗೆ ಬಿಚ್ಚುವವರು ಬಂದು ‘ಏನೂ ಫಲ ಕಾಣಲಿಲ್ಲ’ ಎಂದಾಗ ಇದನ್ನೇ ಹೇಳುತ್ತೇನೆ.

ಜೊತೆಗೆ ಕೂತು ಮಾಡುವುದನ್ನೂ ಪ್ರಯತ್ನಿಸಿದೆ. ಏಳು ಜನ ಸೇರಿದ್ದೆವು, ಸೋಮವಾರ ಸಂಜೆ. ನಾಲ್ಕನೇ ವಾರಕ್ಕೆ ಮಾತು ರಾಜಕೀಯಕ್ಕೆ, ಅಡಿಕೆ ರೇಟಿಗೆ ತಿರುಗಿತು. ಈಗ ನಾಲ್ಕೇ ಜನ. ಬಂದವರು ಮಾತಿಲ್ಲದೆ ಕೂರುವುದು, ಮುಗಿದ ಮೇಲೆ ತಮ್ಮ ಲೆಡ್ಜರಿನ ಒಂದು ಪುಟ ಓದುವುದು, ಹೊರಡುವುದು. ಚಹಾ ಕೂಡ ಇಲ್ಲ. ಇದು ನಡೆಯುತ್ತಿದೆ, ಎರಡು ವರ್ಷವಾಗುತ್ತ ಬಂತು.

ನನ್ನ ಸ್ಥಲ ಯಾವುದು ಎಂದು ಕೇಳಿದರೆ, ಭಕ್ತಸ್ಥಲ ದಾಟಿ ಮಹೇಶಸ್ಥಲದ ಹೊಸ್ತಿಲಲ್ಲಿ ಇದ್ದೇನೆ ಎನ್ನುತ್ತೇನೆ. ನಿಷ್ಠೆ ಎಂದರೆ ಬೇರೆ ಕಡೆ ತಿರುಗಿ ನೋಡದಿರುವುದು. ಹರಳಿನ ಉಂಗುರ ತೆಗೆದಿಟ್ಟು ನಾಲ್ಕು ವರ್ಷವಾಯಿತು, ಆದರೂ ಫಸಲು ಕೈಕೊಟ್ಟ ವರ್ಷ ಬೆರಳು ಅದನ್ನು ಹುಡುಕಿದ್ದುಂಟು. ಆ ದಿನಗಳಿಗೂ ಎಡ ಪುಟದಲ್ಲಿ ಗುರುತಿದೆ.

ಶುರು ಮಾಡುವವರು ಮಾಘದಲ್ಲಿ ಶುರು ಮಾಡಿ. ಕೊನೆ ಕೊಯ್ಲು ಮುಗಿಯುತ್ತ ಬಂದಿರುತ್ತದೆ, ಬಿಸಿಲಿಗೆ ವಿಭೂತಿಯ ಬಿಲ್ಲೆಯೂ ಒಣಗುತ್ತದೆ, ಶಿವರಾತ್ರಿಗೆ ಮೊದಲ 11 ನಿಮಿಷ ಮೈಗೆ ಹತ್ತಿರುತ್ತದೆ. ಮಳೆ ಹಿಡಿಯುವ ಹೊತ್ತಿಗೆ ಮೂರು ವಸ್ತ್ರ, ರೇಷ್ಮೆ ದಾರ, ಒಂದು ಸೀಸೆ ಹರಳೆಣ್ಣೆ ಮನೆಯಲ್ಲಿರಲಿ.